ಎದುರಿಗೆ ಇನ್ನೊಬ್ಬಳು ಬೇಕು

ಈ ಬರಹ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ಮಡಿಕೇರಿಯ ಒಂದು ಮಹಿಳಾ ಸಂಘದವರು ನನ್ನನ್ನು ಮಾತಿಗೆ ಕರೆದಿದ್ದರು. ಟಿವಿಯ ಹಾಸ್ಯ ಸ್ಕಿಟ್‌ಗಳಲ್ಲಿ ಹೆಂಗಸರ ಹಾಸ್ಯದ ವ್ಯಾಪ್ತಿ ಅಂತ ವಿಷಯ. ಜುಲೈ, ಮಡಿಕೇರಿ, ಶೀಟಿನ ಮಾಡು. ಇನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ನಾನು ಎದ್ದು ನಿಂತಿದ್ದೇ ತಡ, ಮಳೆ ಹೊಡೆಯಲು ಶುರು ಮಾಡಿತು. ಮೈಕಿನಲ್ಲಿ ನಾನು ಕಿರುಚುತ್ತಿದ್ದೆ, ಮಾಡಿನ ಮೇಲೆ ಮಳೆ ಕಿರುಚುತ್ತಿತ್ತು. ಹಿಂದಿನ ಸಾಲಿನವರಿಗೆ ಅರ್ಧ ಮಾತೂ ಮುಟ್ಟಲಿಲ್ಲ.

ಮುಗಿದ ಮೇಲೆ ಕಾಫಿ ಕುಡಿಯುವಾಗ ಹಿರಿಯರೊಬ್ಬರು ಹತ್ತಿರ ಬಂದರು. "ಟೀಚರ್, ಹಾಸ್ಯದ ವ್ಯಾಧಿ ಅಂತ ವಿಷಯ ಇಟ್ಟುಕೊಂಡಿರಿ, ಸರಿ. ಆದರೆ ಮದ್ದು ಏನಂತ ಹೇಳಲೇ ಇಲ್ಲವಲ್ಲ?" ಅಂದರು. ವ್ಯಾಧಿ ಅಲ್ಲ ಸಾರ್, ವ್ಯಾಪ್ತಿ, ಅಂದೆ. "ಓ, ವ್ಯಾಪ್ತಿಯಾ? ಹಾಗಾದರೆ ಬಿಡಿ" ಅಂದು ಇನ್ನೊಂದು ಬೋಂಡಾ ತೆಗೆದುಕೊಂಡು ಹೋದರು.

ಅವತ್ತು ನಾನು ವಿವರಿಸಲು ಒದ್ದಾಡಿದ ಒಂದು ಹಳೆಯ ಅಮೆರಿಕನ್ ಸ್ಕಿಟ್ ಇದೆ. ಪಾಪ, ಅವರು ತಮಗೆ ಗೊತ್ತಿಲ್ಲದೆಯೇ ಅದನ್ನು ಆಡಿ ತೋರಿಸಿದ್ದರು. ಅದು ಮುಂದೆ ಬರುತ್ತದೆ. ಅವತ್ತು ಸಭೆಯಲ್ಲಿ ನಾನು ಆಡಿದ ಮಾತನ್ನೇ ಇಲ್ಲಿ ನೆನಪಿನಿಂದ ಬರೆದಿದ್ದೇನೆ. ಅಲ್ಲಲ್ಲಿ ಆಗ ಹೊಳೆಯದಿದ್ದದ್ದನ್ನೂ ಸೇರಿಸಿದ್ದೇನೆ.

ನಾನು ಕಂಡ ಮೊದಲ ಸ್ಕಿಟ್ ಟಿವಿಯದ್ದಲ್ಲ. ನಮ್ಮಪ್ಪ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸದವರ ಹಾಜರಿ ಪುಸ್ತಕವಾದ ಚೆಕ್‌ರೋಲು ಬರೆಯುವ ಗುಮಾಸ್ತ ಆಗಿದ್ದರು. ಕಾಫಿ ಕುಯ್ಲಿನ ಸಮಯದಲ್ಲಿ ಸಂಜೆ ತೂಕ. ಹೆಂಗಸರು ಚೀಲ ಹೊತ್ತುಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಅಪ್ಪ ಚೀಲಕ್ಕೆ ಕಾಲಿನಿಂದ ಒಮ್ಮೆ ತಟ್ಟಿ, ಒಳಗೆ ಕೈ ಹಾಕಿ, ಎಲೆ ಇದೆ, ಕಡ್ಡಿ ಇದೆ, ಹಸಿ ಕಾಯಿ ಇದೆ ಅಂತ ಗೊಣಗುತ್ತಿದ್ದರು. ತೂಕ ಮುಗಿದು ಅಪ್ಪ ಆಫೀಸಿನ ಕಡೆ ಹೋದ ಮೇಲೆ ಕೆಲಸದವರ ಲೈನ್ ಮನೆಯ ಹತ್ತಿರ ಒಬ್ಬ ಹೆಂಗಸು ಶುರು ಮಾಡುತ್ತಿದ್ದಳು. ಅವಳೇ ಅಪ್ಪ. ಅವಳೇ ಮೇಸ್ತ್ರಿ. ಅವಳೇ ತೂಕ ಕಡಿಮೆ ಬಂತು ಅಂತ ಅಳುವ ಮುದುಕಿ. ನೈಲಾನ್ ಸೀರೆ, ತಲೆಗೆ ಟವೆಲು, ಅಷ್ಟೇ. ವೇಷ ಇಲ್ಲ, ಬಣ್ಣ ಇಲ್ಲ. ನಮ್ಮಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಗಂಡನನ್ನೇ ಅಣಕಿಸುತ್ತಿದ್ದಾರೆ ಅಂತ ಗೊತ್ತಿದ್ದೂ ನಗುತ್ತಿದ್ದಳು. ಗೊತ್ತಿದ್ದದ್ದರಿಂದಲೇ ಜಾಸ್ತಿ ನಗುತ್ತಿದ್ದಳು ಅಂತ ಈಗ ಅನ್ನಿಸುತ್ತದೆ.

ಮುಂದೆ ಕಾಲೇಜಿಗೆ ಹೋದಾಗ ವಾರ್ಷಿಕೋತ್ಸವಕ್ಕೆ ಒಂದು ಪ್ರಹಸನ. ಆರು ಹುಡುಗರು, ನಾನೊಬ್ಬಳೇ ಹುಡುಗಿ. ನನ್ನದು ಹೆಂಡತಿ ಪಾತ್ರ, ಮೂರು ಮಾತು. ಅಭ್ಯಾಸದಲ್ಲಿ ಒಂದು ಮಾತಿಗೆ ಸ್ವಲ್ಪ ಸೊಟ್ಟ ಮುಖ ಮಾಡಿದೆ. ಎಲ್ಲರೂ ನಕ್ಕರು. ಆಡಿಸುತ್ತಿದ್ದವರು ಮಾತ್ರ ನಗಲಿಲ್ಲ. "ನೀನು ನಗಿಸಬೇಡಮ್ಮ, ಚೆನ್ನಾಗಿ ಕಾಣು, ಸಾಕು" ಅಂದರು. ಲೈನ್ ಮನೆಯ ಆ ಹೆಂಗಸು ಒಬ್ಬಳೇ ಮೂರು ಜನ ಆಗುತ್ತಿದ್ದಳು. ನಾನು ಓದಿ ಬರೆದು ಕಾಲು ಜನ ಆಗಿದ್ದೆ.

ವ್ಯಾಪ್ತಿ ಅಂದಾಗ ನನ್ನ ತಲೆಯಲ್ಲಿರುವುದು ಇದೇ. ಎಷ್ಟು ಗೆಟಪ್ ಹಾಕುತ್ತಾಳೆ, ಎಷ್ಟು ದನಿ ತೆಗೆಯುತ್ತಾಳೆ ಅನ್ನುವುದಲ್ಲ. ಎಷ್ಟು ಥರದ ಮನುಷ್ಯಳಾಗಲು ಅವಳಿಗೆ ಜಾಗ ಇದೆ ಅನ್ನುವುದು. ಈ ಪ್ರಶ್ನೆಗೆ ಸ್ಕಿಟ್ ಒಳ್ಳೆಯ ಪರೀಕ್ಷೆ. ಧಾರಾವಾಹಿಯಲ್ಲಿ ಒಂದು ಪಾತ್ರ ಸಿಕ್ಕರೆ ವರ್ಷಗಟ್ಟಲೆ ಅದೇ. ಸಿಲ್ಲಿ ಲಲ್ಲಿಯ ಲಲಿತಾಂಬ ಆಗಿ ಮಂಜುಭಾಷಿಣಿ, ಪಾಪ ಪಾಂಡುವಿನ ಶ್ರೀಮತಿ ಆಗಿ ಶಾಲಿನಿ ನಮ್ಮನ್ನು ಎಷ್ಟು ನಗಿಸಿದರು. ಇಬ್ಬರೂ ನನಗೆ ತುಂಬಾ ಇಷ್ಟ. ಆದರೆ ಅದು ಒಂದೇ ಗುಂಡಿಯನ್ನು ಆಳವಾಗಿ ತೋಡುವ ಕೆಲಸ. ಸ್ಕಿಟ್‌ನಲ್ಲಿ ಹಾಗಲ್ಲ. ಐದಾರು ನಿಮಿಷ, ಮುಗಿಯಿತು. ಅದೇ ರಾತ್ರಿ ಅವಳು ಅಜ್ಜಿ, ಆಮೇಲೆ ಮಂತ್ರಿ, ಆಮೇಲೆ ಐದು ವರ್ಷದ ಮಗು. ಆಗಬಹುದು ಅಂತ. ಆಗಲು ಬಿಡುತ್ತಾರಾ ಅನ್ನುವುದೇ ಕಥೆ.

ಹಾಸ್ಯನಟಿ ಕ್ಯಾರಲ್ ಬರ್ನೆಟ್ ಅವರಿಂದ ಶುರು ಮಾಡೋಣ. ಅಮೆರಿಕದ ಸಿಬಿಎಸ್ ಚಾನೆಲ್ ಜೊತೆ ಅವರಿಗೆ ಒಂದು ಒಪ್ಪಂದ ಇತ್ತು. ಐದು ವರ್ಷದೊಳಗೆ ಅವರು ಬೇಕು ಅಂದರೆ ಹಾಡು, ಕುಣಿತ, ಸ್ಕಿಟ್ ಎಲ್ಲ ಇರುವ ಒಂದು ಗಂಟೆಯ ಕಾರ್ಯಕ್ರಮವನ್ನು ಚಾನೆಲ್ ಕೊಡಲೇಬೇಕು. ಐದನೇ ವರ್ಷ ಮುಗಿಯುವ ಹೊತ್ತಿಗೆ ಅವರು ಫೋನ್ ಮಾಡಿ ಕೇಳಿದರು. ಅದೆಲ್ಲ ಗಂಡಸರ ಆಟ, ನಿಮ್ಮಂಥ ಹೆಣ್ಣುಮಕ್ಕಳಿಗಲ್ಲ ಅಂತ ಆ ಕಡೆಯಿಂದ ಉತ್ತರ ಬಂತು ಅಂತ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆದರೆ ಕಾಗದದಲ್ಲಿ ಬರೆದದ್ದು ಬರೆದದ್ದೇ. 1967ರಲ್ಲಿ ಶುರುವಾದ ದಿ ಕ್ಯಾರಲ್ ಬರ್ನೆಟ್ ಶೋ 1978ರ ತನಕ, 11 ಸೀಸನ್ ನಡೆಯಿತು.

ಆ ಕಾರ್ಯಕ್ರಮದ ಹೆಸರಾದ ಸ್ಕಿಟ್ ಎಲ್ಲರಿಗೂ ಗೊತ್ತು. 1976ರದ್ದು. ಗಾನ್ ವಿತ್ ದಿ ವಿಂಡ್ ಸಿನಿಮಾದಲ್ಲಿ ಬಡತನ ಬಂದ ನಾಯಕಿ ಕಿಟಕಿಯ ಪರದೆ ಹರಿದು ಉಡುಪು ಹೊಲಿಸಿಕೊಳ್ಳುತ್ತಾಳೆ. ಬರ್ನೆಟ್ ಅದೇ ಪರದೆಯನ್ನು ಕಂಬಿ ಸಮೇತ ಹೆಗಲ ಮೇಲೆ ಹೊತ್ತುಕೊಂಡು ಗಂಭೀರವಾಗಿ ಮೆಟ್ಟಿಲು ಇಳಿದು ಬರುತ್ತಾರೆ. ಮುಖದಲ್ಲಿ ಒಂಚೂರೂ ನಗು ಇಲ್ಲ, ರಾಣಿಯ ನಡಿಗೆ. ಬಾಬ್ ಮ್ಯಾಕಿ ಮಾಡಿದ ಆ ಉಡುಪು ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕಿದ್ದೇನೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಅದೇ ಕಾರ್ಯಕ್ರಮದ 'ದಿ ಫ್ಯಾಮಿಲಿ' ಅನ್ನುವ ಸ್ಕಿಟ್‌ಗಳು. ಯೂನಿಸ್ ಅಂತ ಒಬ್ಬಳು. ಮದುವೆಯಾಗಿದ್ದಾಳೆ, ಗಂಡ ಕೆಲಸಕ್ಕೆ ಬಾರದವನು. ಅವಳಿಗೆ ತಾನು ಏನೋ ದೊಡ್ಡವಳಾಗಬೇಕಿತ್ತು ಅನ್ನುವ ಉರಿ. ಅವಳ ತಾಯಿಯನ್ನು ಎಲ್ಲರೂ ಕರೆಯುವುದು 'ಮಾಮಾ', ಅಂದರೆ ಅಮ್ಮ ಅಂತ. ಬಾಯಿ ತೆಗೆದರೆ ಚುಚ್ಚು ಮಾತು. ಬರೆದವರು ತಾಯಿಯ ಪಾತ್ರವನ್ನು ಬರ್ನೆಟ್ ಅವರಿಗೆ ಅಂತಲೇ ಇಟ್ಟಿದ್ದರು. ಅವರು ಬೇಡ ಅಂದು ಯೂನಿಸ್ ಪಾತ್ರ ತೆಗೆದುಕೊಂಡರು. ತಾಯಿಯ ಪಾತ್ರ ವಿಕಿ ಲಾರೆನ್ಸ್ ಅವರಿಗೆ ಹೋಯಿತು. ಈಗ ಕೇಳಿ. ಬರ್ನೆಟ್ ಹುಟ್ಟಿದ್ದು 1933ರಲ್ಲಿ. ಲಾರೆನ್ಸ್ ಹುಟ್ಟಿದ್ದು 1949ರಲ್ಲಿ. ಮಗಳಿಗಿಂತ ತಾಯಿ 16 ವರ್ಷ ಚಿಕ್ಕವಳು! ಇಪ್ಪತ್ತೈದರ ಆಸುಪಾಸಿನ ಹುಡುಗಿ ಬಿಳಿ ಕೂದಲಿನ ವಿಗ್ ಹಾಕಿಕೊಂಡು, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಕೂತಿದ್ದಾಳೆ. ನಲವತ್ತು ದಾಟಿದ ಯಜಮಾನಿ ಅವಳ ಎದುರು ಮಗಳಾಗಿ ಬೈಸಿಕೊಳ್ಳುತ್ತಿದ್ದಾಳೆ. ಕಾರ್ಯಕ್ರಮ ಯಾರ ಹೆಸರಿನಲ್ಲಿದೆಯೋ ಅವರೇ.

ಒಂದು ಸ್ಕಿಟ್‌ನಲ್ಲಿ ಮನೆಯವರೆಲ್ಲ ಕೂತು 'ಸಾರಿ' ಅನ್ನುವ ಆಟ ಆಡುತ್ತಾರೆ. ನಮ್ಮ ಪಗಡೆಯ ಥರ ಕಾಯಿ ನಡೆಸುವ ಆಟ. ಬೇರೆಯವರ ಕಾಯಿ ಹೊಡೆದಾಗ ಬಾಯಲ್ಲಿ "ಸಾರಿ" ಅನ್ನಬೇಕು. ಅಲ್ಲಿ ಯಾರಿಗೂ ಯಾರ ಬಗ್ಗೆಯೂ ಸಾರಿ ಇಲ್ಲ. ನೋಡುವಾಗ ನಗು ಬರುತ್ತದೆ, ಆಮೇಲೆ ಹೊಟ್ಟೆಯಲ್ಲಿ ಏನೋ ಸಂಕಟ. ತಾಯಿ ಮಗಳು ಇಬ್ಬರೇ ಇದ್ದಾಗ ಹೆಂಗಸರು ಒಬ್ಬರನ್ನೊಬ್ಬರು ಎಲ್ಲಿ ತಿವಿದರೆ ನೋವಾಗುತ್ತದೆ ಅಂತ ಸರಿಯಾಗಿ ಗೊತ್ತಿಟ್ಟುಕೊಂಡು ತಿವಿಯುತ್ತಾರಲ್ಲ, ಅದು. ಎದುರಿಗೆ ಗಂಡ ಮಾತ್ರ ಇದ್ದಿದ್ದರೆ ಯೂನಿಸ್ ಸುಮ್ನೆ ಒಬ್ಬ ಜಗಳಗಂಟಿ ಹೆಂಡತಿ ಆಗಿಬಿಡುತ್ತಿದ್ದಳು. ಅಂಥವರು ಸಾವಿರ ಜನ ಬಂದು ಹೋಗಿದ್ದಾರೆ. ಎದುರಿಗೆ ತಾಯಿ ಕೂತದ್ದರಿಂದ ಅವಳು ಯೂನಿಸ್ ಆದಳು.

ನನ್ನ ಒಟ್ಟು ಮಾತು ಇದರಲ್ಲೇ ಇದೆ. ಒಬ್ಬ ಹೆಂಗಸು ಎಷ್ಟು ದೂರ ಹೋಗಬಲ್ಲಳು ಅನ್ನುವುದು ಎದುರಿಗೆ ಇನ್ನೊಬ್ಬ ಹೆಂಗಸು ಇದ್ದಾಳಾ ಅನ್ನುವುದರ ಮೇಲೆ ನಿಂತಿದೆ. ಆರು ಗಂಡಸರ ನಡುವೆ ಒಬ್ಬಳೇ ಇದ್ದರೆ ಅವಳು 'ಹೆಂಗಸು' ಆಗುತ್ತಾಳೆ, ಅಷ್ಟೇ. ಹೆಂಡತಿ, ಲವರ್, ಅತ್ತೆ. ಇಬ್ಬರಾದರೆ ಒಬ್ಬಳು ಹುಚ್ಚಿ, ಒಬ್ಬಳು ಜಾಣೆ. ಮೂವರಾದರೆ ಯಾರು ಏನಾಗುತ್ತಾರೋ ಹೇಳಲು ಬರುವುದಿಲ್ಲ.

ಈಗ ಆ ಬೋಂಡಾ ಹಿರಿಯರ ಸ್ಕಿಟ್. ಸ್ಯಾಟರ್ಡೇ ನೈಟ್ ಲೈವ್ ಅನ್ನುವ ಟಿವಿ ಸ್ಕಿಟ್ ಕಾರ್ಯಕ್ರಮ 1975ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಿಂದ ಶುರುವಾಯಿತು. ಮೊದಲ ತಂಡದಲ್ಲಿ ಮೂವರು ಹೆಂಗಸರು: ಗಿಲ್ಡಾ ರಾಡ್ನರ್, ಜೇನ್ ಕರ್ಟಿನ್, ಲರೇನ್ ನ್ಯೂಮನ್. ಬರೆಯುವ ಕೋಣೆಯಲ್ಲೂ ಆನ್ ಬೀಟ್ಸ್, ರೋಸಿ ಶುಸ್ಟರ್, ಮೆರಿಲಿನ್ ಸುಜಾನ್ ಮಿಲ್ಲರ್ ಇದ್ದರು. ಹಾಗಂತ ಸಲೀಸಾಗಿತ್ತು ಅಂದುಕೊಳ್ಳಬೇಡಿ. ತಂಡದ ಜಾನ್ ಬೆಲೂಶಿ ಅವರಿಗೆ ಹೆಂಗಸರು ನಗಿಸಬಲ್ಲರು ಅನ್ನುವುದರಲ್ಲೇ ನಂಬಿಕೆ ಇರಲಿಲ್ಲ ಅಂತ ಕರ್ಟಿನ್ ಮುಂದೆ ಬಾಯಿಬಿಟ್ಟು ಹೇಳಿದ್ದಾರೆ.

ಈ ಕಾರ್ಯಕ್ರಮದಲ್ಲಿ ಸುಳ್ಳು ವಾರ್ತೆಯ ಒಂದು ಭಾಗ ಇದೆ. ಅಲ್ಲಿಗೆ ಎಮಿಲಿ ಲಿಟೆಲ್ಲಾ ಅನ್ನುವ ಒಬ್ಬ ಅಜ್ಜಿ ಬರುತ್ತಾಳೆ. ಅದು ರಾಡ್ನರ್. ಸ್ವೆಟರ್ ಹಾಕಿ, ಕನ್ನಡಕ ಏರಿಸಿ, ಸಾಧು ಮುಖ ಮಾಡಿ ತನ್ನ ಅಭಿಪ್ರಾಯ ಹೇಳಲು ಕೂರುತ್ತಾಳೆ. ಟಿವಿಯಲ್ಲಿ ವಯಲಿನ್ ಜಾಸ್ತಿ ಆಯಿತು ಅಂತ ಯಾಕಪ್ಪಾ ಎಲ್ಲರೂ ಕೂಗಾಡುತ್ತಿದ್ದಾರೆ? ವಯಲಿನ್‌ನಿಂದ ಮಕ್ಕಳು ಹೇಗೆ ಕೆಡುತ್ತಾರೆ? ಹೀಗೆ ಏರುತ್ತಾ ಹೋಗಿ ಕೊನೆಗೆ ಸಿಟ್ಟಿನಲ್ಲಿ ನಡುಗುತ್ತಾಳೆ. ವಾರ್ತೆ ಓದುವವರು ಬಗ್ಗಿ ಹೇಳುತ್ತಾರೆ, ಅದು ವಯಲಿನ್ ಅಲ್ಲ, ವಯಲೆನ್ಸ್. ಅಜ್ಜಿ ಒಂದು ಗಳಿಗೆ ಸುಮ್ಮನಾಗುತ್ತಾಳೆ. ಆಮೇಲೆ ಕ್ಯಾಮೆರಾ ನೋಡಿ ಸಣ್ಣಗೆ ನಕ್ಕು, "ಹಾಗಾದರೆ ಬಿಡಿ" ಅನ್ನುತ್ತಾಳೆ. ಮಡಿಕೇರಿಯ ಹಿರಿಯರು ನನಗೆ ಅಂದದ್ದೂ ಅಕ್ಷರಶಃ ಅದೇ. ರಾಡ್ನರ್ ಈ ಪಾತ್ರವನ್ನು ತಮ್ಮನ್ನು ಸಾಕಿದ ದಾದಿಯನ್ನು ನೆನೆದು ಕಟ್ಟಿದ್ದಂತೆ. ಅದಕ್ಕೇ ಇರಬೇಕು, ಕಿವಿ ಮಂದದ ಅಜ್ಜಿಯನ್ನು ನೋಡಿ ನಗುವಾಗಲೂ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ.

ಎಲ್ಲರೂ ರಾಡ್ನರ್ ಅವರನ್ನು ಹೊಗಳುತ್ತಾರೆ. ನಾನು ಇಲ್ಲಿ ಜೇನ್ ಕರ್ಟಿನ್ ಪರ ಎರಡು ಮಾತು ಆಡಬೇಕು. 1976ರ ಹೊತ್ತಿಗೆ ಆ ವಾರ್ತೆ ಓದುವ ಕುರ್ಚಿ ಅವರಿಗೆ ಬಂತು. ಆಮೇಲೆ ಲಿಟೆಲ್ಲಾಳನ್ನು ತಿದ್ದುತ್ತಿದ್ದವರು ಅವರೇ. ರೋಸಾನ್ ರೋಸಾನಡಾನಾ ಅನ್ನುವ ಇನ್ನೊಂದು ರಾಡ್ನರ್ ಪಾತ್ರ ಇದೆ. ಪೊದೆಯಂಥ ಕೂದಲು, ಊಟ ಮಾಡುವಾಗ ಹೇಳಬಾರದ ಮಾತುಗಳು. ಅವಳ ಪಕ್ಕದಲ್ಲಿ ಹೇಸಿಗೆ ತಡೆದುಕೊಂಡು ಕೂತಿದ್ದವರೂ ಕರ್ಟಿನ್. ನೆಟ್ಟಗೆ ಕೂತ ಬೆನ್ನು, ಕದಲದ ತುಟಿ. ಪಕ್ಕದಲ್ಲಿ ಅಷ್ಟು ಗಟ್ಟಿ ಗೋಡೆ ಇದ್ದದ್ದಕ್ಕೇ ರಾಡ್ನರ್ ಎಸೆದ ಚೆಂಡು ಪುಟಿಯಿತು. ನಮ್ಮ ಸ್ಕಿಟ್‌ನವರ ಭಾಷೆಯಲ್ಲಿ ಕೌಂಟರ್ ಕೊಡುವವರಿಗೆ ಚಪ್ಪಾಳೆ, ಅದಕ್ಕೆ ದಾರಿ ಮಾಡಿಕೊಡುವವರಿಗೆ ಏನೂ ಇಲ್ಲ. ನಗಿಸದೆ ಕೂತು ನಗು ಬರಿಸುವುದನ್ನೂ ಹಾಸ್ಯದ ಲೆಕ್ಕಕ್ಕೆ ಹಿಡಿಯಬೇಕು. ಶಾಲೆಯಲ್ಲಿ ಮಕ್ಕಳಿಗೆ ನಾಟಕ ಆಡಿಸಿದ ನನಗೆ ಗೊತ್ತು, ಮಂಗನ ಪಾತ್ರಕ್ಕೆ ಹತ್ತು ಮಕ್ಕಳು ಕೈ ಎತ್ತುತ್ತಾರೆ. ಮಂಗನನ್ನು ನೋಡಿ ನಗದ ಮೇಷ್ಟರ ಪಾತ್ರಕ್ಕೆ ಒಬ್ಬರೂ ಸಿಗುವುದಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಮುಂದಿನ ಸಾಲಿನ ಒಬ್ಬರು ಕೈ ಎತ್ತಿ, ಹಾಗಾದರೆ ಒಬ್ಬಳೇ ಕೂತು ನಗಿಸಿದವರು ಇಲ್ಲವಾ ಅಂತ ಕೇಳಿದರು. ಇದ್ದಾರೆ. ನನ್ನ ಮಾತಿಗೆ ದೊಡ್ಡ ಅಡ್ಡಗಾಲು ಲಿಲಿ ಟಾಮ್ಲಿನ್. 1969ರಲ್ಲಿ ಲಾಫ್-ಇನ್ ಅನ್ನುವ ಕಾರ್ಯಕ್ರಮಕ್ಕೆ ಬಂದು ಅರ್ನೆಸ್ಟೀನ್ ಅನ್ನುವ ಟೆಲಿಫೋನ್ ಆಪರೇಟರ್ ಆದರು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು ನಮ್ಮಲ್ಲಿ ಇನ್ನೂ ಇದ್ದಾರೆ ತಾನೇ? ಎಕ್ಸ್‌ಚೇಂಜಿನಲ್ಲಿ ಕೂತವರ ದನಿಯಲ್ಲಿ ಎಂಥ ಗತ್ತು ಇರುತ್ತಿತ್ತು! ಅರ್ನೆಸ್ಟೀನ್ ಅಂಥವಳು. ಸ್ವಿಚ್‌ಬೋರ್ಡಿಗೆ ವೈರು ಚುಚ್ಚುತ್ತಾ, ಮೂಗಿನಲ್ಲಿ ಗೊರಕ್ಕನೆ ನಗುತ್ತಾ, ದೊಡ್ಡ ದೊಡ್ಡ ಮನುಷ್ಯರಿಗೆ ಬಿಲ್ ಬಾಕಿ ಕೇಳುತ್ತಾಳೆ. ಅದೇ ಟಾಮ್ಲಿನ್ ಇನ್ನೊಂದು ಸಲ ಐದೂವರೆ ವರ್ಷದ ಎಡಿತ್ ಆನ್. ಅವಳಿಗೆ ಅಂತ ಭಾರಿ ದೊಡ್ಡ ತೂಗುಕುರ್ಚಿ ಮಾಡಿಸಿದ್ದರು. ದೊಡ್ಡ ಹೆಂಗಸು ಅದರಲ್ಲಿ ಕೂತ ಕೂಡಲೇ ಮಗು. ಎರಡೂ ಒಂಟಿ ಪಾತ್ರಗಳು. ಆದರೂ ಅರ್ನೆಸ್ಟೀನ್ ಒಬ್ಬಳೇ ಅಂತ ಹೇಳಲು ನನಗೆ ಮನಸ್ಸಿಲ್ಲ. ಫೋನಿನ ಆ ತುದಿಯಲ್ಲಿ ಯಾರೋ ಇದ್ದಾರೆ. ಅವರ ಮಾತು ನಮಗೆ ಕೇಳುವುದಿಲ್ಲ, ಇವಳ ಮುಖದಲ್ಲಿ ಕಾಣುತ್ತದೆ. ನನ್ನ ವಾದ ಉಳಿಸಿಕೊಳ್ಳಲು ಜಾರಿಕೊಳ್ಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಿದರೆ, ಅದೂ ನಿಜ.

ಇಂಗ್ಲೆಂಡಿಗೆ ಬಂದರೆ ನನ್ನ ಕಣ್ಣಿಗೆ ಮೊದಲು ಕಾಣುವವರು ವಿಕ್ಟೋರಿಯಾ ವುಡ್. 1985ರಲ್ಲಿ ಬಿಬಿಸಿಯಲ್ಲಿ ಅವರ ಸ್ಕಿಟ್ ಸರಣಿ ಶುರುವಾಯಿತು. ಬರೆಯುವವರು ಅವರೇ. ತಮಾಷೆ ಏನೆಂದರೆ, ಬರೆದದ್ದರಲ್ಲಿ ಒಳ್ಳೆಯದನ್ನು ಜೊತೆಯವರಿಗೆ ಕೊಟ್ಟುಬಿಡುತ್ತಿದ್ದರು. ಜಾಸ್ತಿ ಸಿಕ್ಕಿದ್ದು ಜೂಲಿ ವಾಲ್ಟರ್ಸ್ ಅವರಿಗೆ. 'ಟೂ ಸೂಪ್ಸ್' ಅನ್ನುವ ಸ್ಕಿಟ್ ನೋಡಿ. ಒಂದು ಹೋಟೆಲು. ಅವಸರದಲ್ಲಿರುವ ಇಬ್ಬರು ಗಿರಾಕಿಗಳು. ಬಡಿಸಲು ಬರುವವಳು ಕಿವಿ ಕೇಳದ, ನೆನಪು ನಿಲ್ಲದ, ಬೆನ್ನು ಬಾಗಿದ ಮುದುಕಿ. ಕೇಳಿದ್ದು ಎರಡು ಸೂಪ್. ಅಷ್ಟೇ ಕಥೆ. ಆ ಎರಡು ಸೂಪ್ ಅಡುಗೆಮನೆಯಿಂದ ಮೇಜಿಗೆ ಬರಬೇಕು. ಅವಳು ನಡೆಯುತ್ತಾಳೆ, ನಡೆಯುತ್ತಾಳೆ, ನಡೆಯುತ್ತಲೇ ಇರುತ್ತಾಳೆ. ಕೊನೆಯ ಬಸ್ಸಿಗೆ ಐದು ನಿಮಿಷ ಇರುವಾಗ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ದೋಸೆಗೆ ಹೇಳಿ ಕೂತವರಿಗೆ ಆ ಹೊಟ್ಟೆಯುರಿ ಗೊತ್ತು.

ವಾಲ್ಟರ್ಸ್ ಹುಟ್ಟಿದ್ದು 1950ರಲ್ಲಿ. ಅಂದರೆ ಆಗ ಅವರಿಗೆ ಮೂವತ್ತೈದರ ಆಸುಪಾಸು. ಆ ಕಾಲು ಎಳೆಯುವ ನಡಿಗೆಯಲ್ಲಿ ವಿಗ್‌ನ ಕೆಲಸ ಕಡಿಮೆ, ಮೈಯ ಕೆಲಸ ಜಾಸ್ತಿ. ಅಜ್ಜಿ ಅಂದ ಕೂಡಲೇ ನಮ್ಮ ಸ್ಕಿಟ್‌ಗಳಲ್ಲಿ ಸೊಂಟ ಬಗ್ಗಿಸಿ, ಕೋಲು ಹಿಡಿದು, ಗಂಟಲು ನಡುಗಿಸುತ್ತಾರೆ. ಅದು ಅಜ್ಜಿ ಅಲ್ಲ, ಅಜ್ಜಿಯ ಬೋರ್ಡು. ವಾಲ್ಟರ್ಸ್ ಮುದುಕಿ ತಾನು ನಿಧಾನ ಅಂತ ಅಂದುಕೊಂಡೇ ಇಲ್ಲ. ಅವಳ ಮಟ್ಟಿಗೆ ಅವಳು ಓಡುತ್ತಿದ್ದಾಳೆ. ನಗು ಬರುವುದು ಅಲ್ಲಿ.

ವುಡ್ ಬರೆದ ಏಕಾರ್ನ್ ಆಂಟೀಕ್ಸ್ ಅನ್ನುವುದು ಅಗ್ಗದ ಧಾರಾವಾಹಿಗಳ ಅಣಕು. ಗೋಡೆ ಅಲ್ಲಾಡುತ್ತದೆ, ಮಾತು ತಡವಾಗಿ ಬರುತ್ತದೆ. ಅತ್ತೆಯ ಮುಖಕ್ಕೆ ಮೂರು ಸಲ ಕ್ಯಾಮೆರಾ ನುಗ್ಗಿ ಗುಡುಗು ಹೊಡೆಯುವ ನಮ್ಮ ಧಾರಾವಾಹಿಗಳಿಗೆ ಅಂಥದ್ದೊಂದನ್ನು ಯಾರಾದರೂ ಬರೆಯಬೇಕು. ನಾನು ಬರೆಯಲು ಕೂತಿದ್ದೆ, ಕರೆಂಟ್ ಹೋಯಿತು.

ಫ್ರೆಂಚ್ ಅಂಡ್ ಸಾಂಡರ್ಸ್ ಅನ್ನುವ ಹೆಂಗಸರ ಜೋಡಿಯ ಕಾರ್ಯಕ್ರಮದ ಹೆಸರಿನಲ್ಲೇ ಇಬ್ಬರು ಇದ್ದಾರೆ, ಅವರ ಬಗ್ಗೆ ಹೇಳುತ್ತಾ ಹೋದರೆ ಇಲ್ಲೇ ಕತ್ತಲಾಗುತ್ತದೆ. ನಮಗೆ ಹತ್ತಿರದ್ದು ಗುಡ್‌ನೆಸ್ ಗ್ರೇಷಿಯಸ್ ಮಿ. ಇಂಗ್ಲೆಂಡಿನ ಭಾರತೀಯ ಮೂಲದವರು ಮಾಡಿದ್ದು, 1998ರಲ್ಲಿ ಟಿವಿಗೆ ಬಂತು. ಮೀರಾ ಸ್ಯಾಲ್, ನೀನಾ ವಾಡಿಯಾ ಇದ್ದರು. ಅದರಲ್ಲಿ ಮಕ್ಕಳ ಬಗ್ಗೆ ಪೈಪೋಟಿಗೆ ಬಿದ್ದ ತಾಯಂದಿರು ಬರುತ್ತಾರೆ. ನನ್ನ ಮಗ ಹೀಗೆ, ನನ್ನ ಮಗ ಹಾಗೆ ಅಂತ ಏರಿಸುತ್ತಾ ಏರಿಸುತ್ತಾ ಎಲ್ಲಿಗೋ ಹೋಗುತ್ತಾರೆ. ಇದನ್ನು ನೋಡಲು ಲಂಡನ್ನಿಗೆ ಹೋಗಬೇಕಾ? ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ತರಕಾರಿ ಆರಿಸುತ್ತಾ ನಿಲ್ಲಿ. "ನನ್ನ ಮಗನಿಗೆ ಮಿಲಿಟರಿಯಲ್ಲಿ ಮೇಜರ್ ಆಯಿತು." "ಹೌದಾ? ನನ್ನವನು ಬೆಂಗಳೂರಿನಲ್ಲಿ ಎರಡನೇ ಫ್ಲಾಟ್ ತೆಗೆದ." "ಫ್ಲಾಟಾ? ನಮ್ಮವನಿಗೆ ಗವರ್ಮೆಂಟೇ ಬಂಗಲೆ ಕೊಟ್ಟಿದೆ." ಬದನೆಕಾಯಿ ಮಾರುವವನು ಪಾಪ ಚೀಲ ಹಿಡಿದು ಕಾಯುತ್ತಿರುತ್ತಾನೆ. (ಇಲ್ಲಿ ಸಭೆಯಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಹೇಳುವುದಿಲ್ಲ.)

ಈಗ ಸ್ವಲ್ಪ ಮುಜುಗರದ ವಿಷಯ. ಗಂಡಸರು ಸೀರೆ ಉಡುವುದು.

ನಮ್ಮ ಕನ್ನಡದ ಸ್ಕಿಟ್‌ಗಳಲ್ಲಿ 'ಲೇಡಿ ಗೆಟಪ್' ಅಂದರೆ ಅರ್ಧ ನಗು ಅಲ್ಲೇ ಸಿದ್ಧ. 2013ರಲ್ಲಿ ಶುರುವಾದ ಹಿಂದಿಯ ಕಾಮಿಡಿ ನೈಟ್ಸ್ ವಿತ್ ಕಪಿಲ್‌ನಲ್ಲಿ ಅಜ್ಜಿ ಆದವರು ಅಲಿ ಅಸ್ಗರ್, ಗುತ್ಥಿ ಅನ್ನುವ ಹುಡುಗಿ ಆದವರು ಸುನಿಲ್ ಗ್ರೋವರ್. ಇಂಗ್ಲೆಂಡಿನ ಮಾಂಟಿ ಪೈಥಾನ್ ತಂಡದಲ್ಲಿ ಮುದುಕಿಯರೆಲ್ಲ ಗಂಡಸರೇ. ಚೆಂದದ ಹುಡುಗಿ ಬೇಕಾದಾಗ ಮಾತ್ರ ಕ್ಯಾರಲ್ ಕ್ಲೀವ್‌ಲ್ಯಾಂಡ್ ಬರುತ್ತಿದ್ದರು. ನನಗೆ ಕಾಲೇಜಿನಲ್ಲಿ ಹೇಳಿದ್ದೂ ಅದೇ ತಾನೇ, ಚೆನ್ನಾಗಿ ಕಾಣು, ಸಾಕು. ಗುತ್ಥಿ ನೋಡಿ ನಾನು ನಕ್ಕಿಲ್ಲ ಅಂದರೆ ಸುಳ್ಳಾಗುತ್ತದೆ. ಗ್ರೋವರ್ ಒಳ್ಳೆಯ ನಟ. ಆದರೆ ಒರಟು ಹೆಂಗಸು, ಕುರೂಪಿ ಹೆಂಗಸು, ನಾಚಿಕೆ ಬಿಟ್ಟ ಹೆಂಗಸು ಎಲ್ಲವನ್ನೂ ಗಂಡಸರೇ ಆಡಿದರೆ, ಹೆಂಗಸರಿಗೆ ಉಳಿಯುವುದು ಏನ್ ಹೇಳಿ? ನಗು ತರುವ ಪಾತ್ರಗಳೆಲ್ಲ ಅವೇ.

ಗಂಡಸರು ಹೆಣ್ಣು ವೇಷ ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಕೊಡಗಿನಲ್ಲಿ ಕೂತು ಹಾಗೆ ಹೇಳಿದರೆ ನಗುತ್ತಾರೆ. ಮೇ ತಿಂಗಳಲ್ಲಿ ಗೋಣಿಕೊಪ್ಪದ ಕಡೆ ಹೋದರೆ ಗೊತ್ತಾಗುತ್ತದೆ. ದೇವರಪುರದ ಕುಂಡೆ ಹಬ್ಬ. ತೋಟಗಳಿಂದ, ಹಾಡಿಗಳಿಂದ ಬಂದ ಆದಿವಾಸಿ ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಸಿಕ್ಕಿದ ಡಬ್ಬ ಬಡಿಯುತ್ತಾ ಬೀದಿಗೆ ಇಳಿಯುತ್ತಾರೆ. ಎದುರು ಸಿಕ್ಕವರನ್ನೆಲ್ಲ ಬಾಯಿಗೆ ಬಂದಂತೆ ಬೈದು ಕಾಸು ಕೇಳುತ್ತಾರೆ. ಕೊನೆಗೆ ದೇವರನ್ನೂ ಬಿಡುವುದಿಲ್ಲ. ಅಯ್ಯಪ್ಪ ತಮ್ಮನ್ನು ನಡುದಾರಿಯಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅನ್ನುವ ಸಿಟ್ಟು ಅದು. ವರ್ಷವಿಡೀ ಧಣಿಗಳ ಎದುರು ತಲೆ ತಗ್ಗಿಸಿದವರು ಅವತ್ತು ಧಣಿಯ ಕಾರನ್ನೇ ಅಡ್ಡ ಹಾಕುತ್ತಾರೆ. ಅಲ್ಲಿ ಸೀರೆ ಮೇಲಿನವರನ್ನು ಬೈಯಲು ಸಿಕ್ಕ ಪರವಾನಗಿ. ಟಿವಿಯ ಸೀರೆ ಹಾಗಲ್ಲ, ಅಲ್ಲಿ ಹೆಂಗಸಿನ ಮೈಯೇ ಜೋಕು.

ಹೆಂಗಸರ ಜಾಗಕ್ಕೆ ಗಂಡಸರು ಬಂದದ್ದಕ್ಕೆ ಇನ್ನೊಂದು ಉದಾಹರಣೆ ಮತ್ತೆ ಸ್ಯಾಟರ್ಡೇ ನೈಟ್ ಲೈವ್‌ನದ್ದೇ. 2007ರಲ್ಲಿ ಮಾಯಾ ರುಡಾಲ್ಫ್ ಬಿಟ್ಟು ಹೋದ ಮೇಲೆ ತಂಡದಲ್ಲಿ ಕಪ್ಪು ಹೆಂಗಸರು ಒಬ್ಬರೂ ಇರಲಿಲ್ಲ. ಅಂಥ ಪಾತ್ರ ಬಂದರೆ ಕೆನನ್ ಥಾಂಪ್ಸನ್ ವಿಗ್ ಹಾಕಿಕೊಳ್ಳುತ್ತಿದ್ದರು. 2013ರಲ್ಲಿ ಅವರು ಇನ್ನು ಹೆಣ್ಣು ವೇಷ ಹಾಕುವುದಿಲ್ಲ ಅಂತ ಹೇಳಿದರು. ದೊಡ್ಡ ಗಲಾಟೆ ಆಯಿತು. 2014ರ ಜನವರಿಯಲ್ಲಿ ಸಶೀರ್ ಝಮಾಟಾ ತಂಡಕ್ಕೆ ಬಂದರು. ಬರೆಯಲು ಅಂತ ಬಂದ ಲೆಸ್ಲಿ ಜೋನ್ಸ್ ಅದೇ ವರ್ಷ ವೇದಿಕೆಗೂ ಏರಿದರು.

ಅದೇ ಕಾರ್ಯಕ್ರಮಕ್ಕೆ ಟೀನಾ ಫೇ 1999ರಲ್ಲಿ ಮುಖ್ಯ ಬರಹಗಾರ್ತಿ ಆಗಿದ್ದರು, ಹಾಗಾದ ಮೊದಲ ಹೆಂಗಸು. 2004ರಲ್ಲಿ ಅವರೂ ಏಮಿ ಪೋಲರ್ ಅವರೂ ವಾರ್ತೆಯ ಮೇಜಿನಲ್ಲಿ ಅಕ್ಕಪಕ್ಕ ಕೂತರು. 2008ರ ಅಮೆರಿಕದ ಚುನಾವಣೆಯ ಹೊತ್ತಿಗೆ ಫೇ, ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಆಗಿ, ಪೋಲರ್ ಹಿಲರಿ ಕ್ಲಿಂಟನ್ ಆಗಿ ಒಂದೇ ವೇದಿಕೆಯಲ್ಲಿ ನಿಂತರು. ಪೋಲರ್ ಆಗ ಬಸುರಿ. ಪೇಲಿನ್ ಅಣಕು ಎಲ್ಲರಿಗೂ ನೆನಪಿದೆ. ನನಗೆ ನೆನಪಿರುವುದು ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ನಗುತ್ತಾ ನಿಂತ ಹಿಲರಿ.

ಕನ್ನಡಕ್ಕೆ ಬರೋಣ. 2015ರಲ್ಲಿ ಸೃಜನ್ ಲೋಕೇಶ್ ಅವರ ಮಜಾ ಟಾಕೀಸ್ ಶುರುವಾದಾಗ ಅದರಲ್ಲಿ ಅಪರ್ಣಾ ಅವರನ್ನು ನೋಡಿ ನಾನು ಒಂದು ಗಳಿಗೆ ನಂಬಲಿಲ್ಲ. ಚಂದನದಲ್ಲಿ ನಿರೂಪಣೆ ಮಾಡುತ್ತಿದ್ದ ಅಪರ್ಣಾ. ಸರ್ಕಾರಿ ಸಮಾರಂಭಗಳ ಅಪರ್ಣಾ. ಬೆಂಗಳೂರು ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಹೇಳುವ ದನಿ. ನಾನು ಮಕ್ಕಳಿಗೆ 'ಳ', 'ಣ' ಕಲಿಸುವಾಗ ಅವರನ್ನು ಕೇಳಿ ಅನ್ನುತ್ತಿದ್ದೆ. ಅವರು ಇಲ್ಲಿ 'ಒನ್ ಅಂಡ್ ಓನ್ಲಿ ವರಲಕ್ಷ್ಮಿ'! ತನ್ನ ಬಗ್ಗೆ ತನಗೇ ಅಷ್ಟು ಮೆಚ್ಚುಗೆ ಇರುವ, ಅಲಂಕಾರಕ್ಕೆ ಸೋತ, ಕಾಲೆಳೆದರೂ ಜಗ್ಗದ ಹೆಂಗಸು. ಅವರು ಮಾಡಿದ ಜಾಣತನ ನೋಡಿ. ತಮ್ಮ ಆ ಅಚ್ಚುಕಟ್ಟಾದ ಕನ್ನಡವನ್ನು ಬಿಡಲಿಲ್ಲ. ಅದನ್ನೇ ಒಂದು ಕೂದಲೆಳೆ ಜಾಸ್ತಿ ಮಾಡಿದರು. ಗಂಭೀರ ನಿರೂಪಕಿ ಇಷ್ಟು ದಿನ ಕಟ್ಟಿಕೊಂಡ ಗತ್ತೇ ಹಾಸ್ಯದ ಬಂಡವಾಳ ಆಯಿತು. ಬೇರೆ ಯಾರು ಆ ಪಾತ್ರ ಮಾಡಿದ್ದರೂ ಅರ್ಧ ನಗು ಬರುತ್ತಿರಲಿಲ್ಲ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಆ ದನಿಯನ್ನು ನೆನೆದರು. ನಾನು ವರಲಕ್ಷ್ಮಿಯನ್ನೂ ನೆನೆದೆ.

ಅದೇ ತಂಡದಲ್ಲಿ ರಾಣಿ ಅನ್ನುವ ಹೆಂಡತಿ ಆಗಿದ್ದವರು ನಮ್ಮ ಕೊಡಗಿನ ಶ್ವೇತಾ ಚೆಂಗಪ್ಪ. (ಇಲ್ಲಿ ಚಪ್ಪಾಳೆ. ಮಳೆಯನ್ನೂ ಮೀರಿ ಕೇಳಿಸಿತು.) ಧಾರಾವಾಹಿಗಳಲ್ಲಿ ಕಣ್ಣೀರು ಹಾಕಿದ್ದ ಮುಖ. ಹೆಂಡತಿ ಪಾತ್ರ ಅಂದರೆ ಸ್ಕಿಟ್‌ನಲ್ಲಿ ಮೊದಲೇ ಹೇಳಿದ ಹಾಗೆ ಇಕ್ಕಟ್ಟಿನ ಜಾಗ. ಆದರೂ ವರಲಕ್ಷ್ಮಿ ಎದುರಿಗೆ ಬಂದಾಗ ರಾಣಿಗೆ ಬೇರೆಯೇ ಮಾತು ಸಿಗುತ್ತಿತ್ತು. ಸೃಜನ್ ಜೊತೆ ಇದ್ದಾಗ ಅವಳು ಹೆಂಡತಿ. ವರಲಕ್ಷ್ಮಿ ಜೊತೆ ಇದ್ದಾಗ ಅವಳು ರಾಣಿ.

2016ರಲ್ಲಿ ಜೀ ಕನ್ನಡದಲ್ಲಿ ಕಾಮಿಡಿ ಕಿಲಾಡಿಗಳು ಬಂತು. ಅದರಿಂದ ಬಂದ ನಯನಾ ಅವರ ಬಗ್ಗೆ ಹೇಳಲೇಬೇಕು. ಆಕೆಯ ಉತ್ತರ ಕರ್ನಾಟಕದ ಮಾತಿನ ಧಾಟಿ, ಆ ಗಂಟಲು. ಚೆಂದ ಕಾಣಬೇಕು ಅನ್ನುವ ಭಯ ಇಲ್ಲ. ಬೀಳಬೇಕಾದಾಗ ಬೀಳುತ್ತಾರೆ, ಕೂಗಬೇಕಾದಾಗ ಕೂಗುತ್ತಾರೆ. ದಿವ್ಯಶ್ರೀ ಅವರ ಟೈಮಿಂಗ್ ಕೂಡ ನನಗೆ ಇಷ್ಟ. ಆದರೆ ಬರೆದುಕೊಟ್ಟದ್ದನ್ನು ನೋಡಿ. ಕುಡುಕನ ಹೆಂಡತಿ, ಹೆಣ್ಣು ನೋಡಲು ಬಂದ ದೃಶ್ಯ, ಲವರ್. ಇಷ್ಟು ಗಟ್ಟಿ ನಟಿಯರಿಗೆ ಇಬ್ಬರೇ ನಿಂತು ಆಡುವ ಸ್ಕಿಟ್ ಎಷ್ಟು ಸಿಕ್ಕಿದೆ? ಕೊರವಂಜಿ ಪತ್ರಿಕೆಯ ಕಾಲದಲ್ಲೇ ಟಿ. ಸುನಂದಮ್ಮ ಮನೆಯೊಳಗಿನ ಹಾಸ್ಯವನ್ನು ಹೆಂಗಸಿನ ಕಣ್ಣಿಂದ ಬರೆದರು. ಬರೆಯುವವರು ನಮ್ಮಲ್ಲಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಟಿವಿಯವರು ಅವರನ್ನು ಬರೆಯುವ ಕೋಣೆಗೆ ಕರೆದಿಲ್ಲ.

ಇಷ್ಟು ಹೇಳಿ ಕೂತೆ. ಮಳೆ ಸ್ವಲ್ಪ ಹಿಡಿದಿತ್ತು. ಪ್ರಶ್ನೆ ಇದ್ದರೆ ಕೇಳಿ ಅಂದರು. ನಡುವಿನ ಸಾಲಿನಿಂದ ಸುಮಾರು ಅರುವತ್ತರ ಒಬ್ಬ ಹೆಂಗಸು ಎದ್ದರು. ತೋಟದಲ್ಲಿ ಕೆಲಸ ಮಾಡಿದವರಂತೆ.

"ಟೀಚರ್, ನೀವು ರೈಟರ್ ಚೀಲಕ್ಕೆ ಕಾಲಿನಿಂದ ತಟ್ಟುತ್ತಾರೆ ಅಂದ್ರಲ್ಲ, ನಮ್ಮ ರೈಟರ್ ಹಾಗೆ ಮಾಡುತ್ತಿರಲಿಲ್ಲ. ಮೊದಲು ಕನ್ನಡಕ ತೆಗೆಯುತ್ತಿದ್ದರು."

ಅಂದವರೇ ತಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಇಲ್ಲದ ಚೀಲದೊಳಗೆ ಬಗ್ಗಿದರು. ಎರಡು ಬೆರಳಿನಲ್ಲಿ ಒಂದು ಎಲೆ ಹಿಡಿದು ಮೇಲೆತ್ತಿದರು. ಬೆಳಕಿಗೆ ಹಿಡಿದು ನೋಡಿದರು. ಒಂದು ಮಾತೂ ಇಲ್ಲ. ಸಭೆ ಆಗಲೇ ಬಿದ್ದು ನಗುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು ಯಾರೂ ಕರೆಯದೆ ಎದ್ದು, ಕೈ ಕಟ್ಟಿ, ಮೇಸ್ತ್ರಿ ಆಗಿಬಿಟ್ಟರು. "ಅದು ಗಾಳಿಗೆ ಬಿದ್ದದ್ದು ಸಾರ್."

"ಗಾಳಿಯ ಹೆಸರು ಚೆಕ್‌ರೋಲಿನಲ್ಲಿ ಇದೆಯಾ?"

ವಂದನಾರ್ಪಣೆ ಮಾಡಬೇಕಾದವರು ಚೀಟಿ ಹಿಡಿದುಕೊಂಡು ಮೈಕಿನ ಹತ್ತಿರ ನಿಂತೇ ಇದ್ದರು. ಹಿಂದಿನ ಸಾಲಿನಿಂದ ಮೂರನೆಯವರೊಬ್ಬರು ತಮ್ಮ ಒದ್ದೆ ಕೊಡೆಯನ್ನೇ ತಕ್ಕಡಿ ಮಾಡಿಕೊಂಡು, ಕುರ್ಚಿಗಳ ನಡುವೆ ದಾರಿ ಬಿಡಿಸಿಕೊಳ್ಳುತ್ತಾ ಬರುತ್ತಿದ್ದರು.